ಪ್ರಾಕ್ಟರ್ ಮೇಡಂ ಜೊತೆ ಮೂರು ವರ್ಷ

ಎಂಜಿನಿಯರಿಂಗ್ ಓದಿದವರಿಗೆ ಪ್ರಾಕ್ಟರ್ ಎಂದರೆ ಯಾರೆಂದು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತು ವಿದ್ಯಾರ್ಥಿಗಳ ಹೊಣೆಯನ್ನು ಒಬ್ಬ ಅಧ್ಯಾಪಕರಿಗೆ ಒಪ್ಪಿಸಿರುತ್ತಾರೆ. ಆ ವಿದ್ಯಾರ್ಥಿಗಳ ಹಾಜರಾತಿ, ಐಎ (ಕಾಲೇಜಿನಲ್ಲೇ ನಡೆಯುವ ಆಂತರಿಕ ಪರೀಕ್ಷೆ) ಅಂಕ, ಸೆಮಿಸ್ಟರ್ ಫಲಿತಾಂಶ, ಅಪ್ಪ ಅಮ್ಮನ ಫೋನ್ ಸಂಖ್ಯೆ, ರಕ್ತದ ಗುಂಪು ಎಲ್ಲವೂ ಪ್ರಾಕ್ಟರ್ ಡೈರಿಯಲ್ಲಿ ಇರುತ್ತವೆ. ಪ್ರತಿ ಐಎ ಮುಗಿದ ಮೇಲೆ ಒಂದು ಪ್ರಾಕ್ಟರ್ ಮೀಟಿಂಗ್. ಸಾಲಾಗಿ ನಿಲ್ಲುವುದು, ಅಂಕ ಬರೆಯುವುದು, ಸಹಿ ಹಾಕಿ ಹೊರಗೆ ಬರುವುದು. ಬಹಳಷ್ಟು ವಿದ್ಯಾರ್ಥಿಗಳಿಗೆ ಪ್ರಾಕ್ಟರ್ ಜೊತೆಗಿನ ಒಡನಾಟ ಅಷ್ಟಕ್ಕೇ ಮುಗಿಯುತ್ತದೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ನಾನು ಪದವಿ ಮುಗಿಸಿದ್ದರಲ್ಲಿ ಆ ಒಡನಾಟದ ಪಾಲು ದೊಡ್ಡದು. ನಮ್ಮ ಮೇಡಂ ಒಳ್ಳೆಯವರಾಗಿದ್ದರು ಎಂಬುದು ನಿಜ. ಆದರೆ ಒಳ್ಳೆಯವರಾದ ಅಧ್ಯಾಪಕರ ಕೈಕೆಳಗೆ ಇದ್ದೂ ಅವರ ಹತ್ತಿರ ಒಂದು ಮಾತೂ ಆಡದೆ ಹೋದವರು ನಮ್ಮ ತರಗತಿಯಲ್ಲೇ ಎಷ್ಟೋ ಜನ ಇದ್ದರು. ಆದ್ದರಿಂದ ಈ ಒಡನಾಟ ಹೇಗೆ ಬೆಳೆಯಿತು ಎಂಬುದನ್ನು ಬರೆದಿಡಬೇಕೆನ್ನಿಸಿದೆ, ಮುಖ್ಯವಾಗಿ ಡಿಪ್ಲೊಮಾ ಮುಗಿಸಿ ಬರುವ ಹುಡುಗಿಯರಿಗಾಗಿ.

ರಾಣೇಬೆನ್ನೂರು ತಾಲ್ಲೂಕಿನ ಹಳ್ಳಿ ನಮ್ಮದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. 2022ರಲ್ಲಿ ಡಿಪ್ಲೊಮಾ ಮುಗಿಸಿದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ದಾವಣಗೆರೆಯ ಒಂದು ಕಾಲೇಜಿನಲ್ಲಿ ನೇರವಾಗಿ ಮೂರನೆಯ ಸೆಮಿಸ್ಟರ್‌ಗೆ ಸೇರಿದೆ. ನಮ್ಮಂಥವರನ್ನು ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ. ನಮ್ಮ ಯುಎಸ್‌ಎನ್‌ನ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ) ಕೊನೆಯ ಮೂರು ಅಂಕಿಗಳು 400ರಿಂದ ಶುರುವಾಗುತ್ತವೆ, ಹಾಗಾಗಿ ಹಾಜರಿ ಕರೆಯುವಾಗ ನಮ್ಮ ಸರದಿ ಎಲ್ಲರಿಗಿಂತ ಕೊನೆಗೆ. ಉಳಿದವರು ಆಗಲೇ ಒಂದು ವರ್ಷ ಒಟ್ಟಿಗೆ ಓದಿ ಗೆಳೆಯರಾಗಿದ್ದರು. ನಾವು ಕೌನ್ಸೆಲಿಂಗ್ ಮುಗಿಸಿಕೊಂಡು ಬರುವಷ್ಟರಲ್ಲಿ ಪಾಠಗಳು ಎಷ್ಟೋ ಮುಂದೆ ಹೋಗಿದ್ದವು. ಡಿಪ್ಲೊಮಾದಲ್ಲಿ ನಾವು ಕಲಿತ ಗಣಿತಕ್ಕೂ ಅಲ್ಲಿ ಬೋರ್ಡಿನ ಮೇಲೆ ನಡೆಯುತ್ತಿದ್ದ ಲ್ಯಾಪ್ಲಾಸ್ ರೂಪಾಂತರ, ಫೋರಿಯರ್ ಸರಣಿಗಳಿಗೂ ನಡುವೆ ಒಂದು ಇಡೀ ವರ್ಷದ ಪಾಠ ಬಿಟ್ಟುಹೋಗಿತ್ತು.

ಪ್ರಾಕ್ಟರ್ ಪಟ್ಟಿಯಲ್ಲಿ ನನ್ನ ಹೆಸರು ಒಬ್ಬ ಸಹಾಯಕ ಪ್ರಾಧ್ಯಾಪಕಿಯವರ ಕೆಳಗೆ ಇತ್ತು. ಮೊದಲ ಮೀಟಿಂಗ್ ಎಲ್ಲರಿಗೂ ಆದ ಹಾಗೆಯೇ ನನಗೂ ಆಯಿತು. ಮೇಡಂ ಮೇಜಿನ ಮೇಲೆ ಡೈರಿಗಳ ರಾಶಿ. ಒಬ್ಬೊಬ್ಬರನ್ನೂ ಕರೆದು, “ಏನಾದರೂ ತೊಂದರೆ ಇದೆಯಾ?” ಎಂದು ಕೇಳುತ್ತಿದ್ದರು. “ಇಲ್ಲ ಮೇಡಂ” ಎಂದು ಎಲ್ಲರ ಉತ್ತರ. ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವಾಗ ಯಾರು ತಾನೇ ತೊಂದರೆ ಹೇಳುತ್ತಾರೆ? ನಾನೂ “ಇಲ್ಲ ಮೇಡಂ” ಎಂದು ಸಹಿ ಹಾಕಿ ಬಂದೆ. ಆದರೆ ಅವರು ನನ್ನ ಪುಟದಲ್ಲಿ ‘ಡಿಪ್ಲೊಮಾ, ದಿನವೂ ಊರಿನಿಂದ ಓಡಾಟ’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡದ್ದು ಕಣ್ಣಿಗೆ ಬಿತ್ತು. ಕೇಳಿದ್ದು ಬರೀ ಶಾಸ್ತ್ರಕ್ಕಲ್ಲ ಎಂದು ನನಗೆ ಅಷ್ಟರಿಂದಲೇ ಗೊತ್ತಾಯಿತು.

ಅವರ ಹತ್ತಿರ ನಾನಾಗಿ ಹೋದದ್ದು ಹಾಜರಾತಿಯ ಕಾರಣಕ್ಕೆ. ಸೂಚನಾ ಫಲಕದಲ್ಲಿ ಶಾರ್ಟೇಜ್ ಪಟ್ಟಿ, ಅಂದರೆ ಹಾಜರಾತಿ ಸಾಲದವರ ಪಟ್ಟಿ, ಹಾಕಿದ್ದರು. ಅದರಲ್ಲಿ ಗಣಿತದಲ್ಲಿ ನನ್ನ ಹಾಜರಾತಿ 61 ಪ್ರತಿಶತ ಎಂದಿತ್ತು. ನಾನು ಸೇರಿದ ಮೇಲೆ ಗಣಿತದ ತರಗತಿಗಳನ್ನು ಹೆಚ್ಚುಕಡಿಮೆ ಬಿಟ್ಟೇ ಇರಲಿಲ್ಲ. ನಾವು ಸೇರುವುದಕ್ಕೆ ಮುಂಚೆ ನಡೆದ ತರಗತಿಗಳನ್ನೂ ಲೆಕ್ಕಕ್ಕೆ ಹಿಡಿದಿದ್ದರು. ನನ್ನ ಜೊತೆಗಿನ ಡಿಪ್ಲೊಮಾ ಹುಡುಗರು ಕಾರಿಡಾರಿನಲ್ಲಿ ಸಿಟ್ಟು ಮಾಡಿಕೊಂಡು ಮಾತನಾಡುತ್ತಿದ್ದರು. ನಾನು ಒಂದು ಹಾಳೆ ತೆಗೆದುಕೊಂಡು ಪ್ರತಿ ವಿಷಯಕ್ಕೂ ಒಂದೊಂದು ಸಾಲು ಬರೆದೆ: ಪ್ರವೇಶ ಪಡೆದ ದಿನಾಂಕ, ಅಲ್ಲಿಂದ ಇಲ್ಲಿಯವರೆಗೆ ನಡೆದ ತರಗತಿಗಳು, ನಾನು ಹಾಜರಿದ್ದದ್ದು. ಶುಲ್ಕ ಕಟ್ಟಿದ ರಸೀದಿಯ ಪ್ರತಿಯನ್ನು ಜೊತೆಗಿಟ್ಟೆ. ಕೆಳಗೆ ಒಂದೇ ಕೋರಿಕೆ: ನನ್ನ ಹಾಜರಾತಿಯನ್ನು ಪ್ರವೇಶದ ದಿನದಿಂದ ಲೆಕ್ಕ ಹಾಕಿಸಿಕೊಡಬೇಕು.

ಮೇಡಂ ಹಾಳೆಯನ್ನು ಪೂರ್ತಿ ಓದಿದರು. “ಕೂತುಕೋ” ಎಂದು ಪಕ್ಕದ ಕುರ್ಚಿ ತೋರಿಸಿದರು. ನಂತರ ತಮ್ಮ ರಿಜಿಸ್ಟರ್ ತೆಗೆದು ತಮ್ಮ ವಿಷಯದ ಸಾಲನ್ನು ನನ್ನ ಲೆಕ್ಕದ ಜೊತೆ ಹೋಲಿಸಿದರು. ಎರಡೂ ತಾಳೆಯಾದವು. ಅವರು ಆ ಹಾಳೆಯ ಮೇಲೆಯೇ ಎರಡು ಸಾಲು ಬರೆದು ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಅವರ ಬಳಿಗೆ ತಾವೇ ಹೋದರು. ವಾರ ಕಳೆಯುವುದರೊಳಗೆ ಪಟ್ಟಿ ತಿದ್ದುಪಡಿಯಾಯಿತು. ನನ್ನದಷ್ಟೇ ಅಲ್ಲ, ಎಲ್ಲ ಡಿಪ್ಲೊಮಾ ವಿದ್ಯಾರ್ಥಿಗಳದ್ದೂ.

ಆ ದಿನ ಅವರು ಹೇಳಿದ ಮಾತು ನನಗೆ ಮುಂದಿನ ಮೂರು ವರ್ಷಕ್ಕೂ ದಾರಿ ತೋರಿಸಿತು: “ನೀನು ಲೆಕ್ಕ ಹಿಡಿದುಕೊಂಡು ಬಂದೆ, ಅದಕ್ಕೇ ನಾನು ಹೋಗಿ ಕೇಳಲು ಆಯಿತು. ಬರೀ ‘ಅನ್ಯಾಯ ಆಗಿದೆ ಮೇಡಂ’ ಅಂತ ಬಂದಿದ್ದರೆ ನಾನು ಯಾರ ಹತ್ತಿರ ಏನಂತ ಹೇಳಲಿ?” ನಾನು ಇದನ್ನು ತುಂಬಾ ಯೋಚಿಸಿದ್ದೇನೆ. ಪ್ರಾಕ್ಟರ್‌ಗೆ ಇರುವ ಅಧಿಕಾರ ಸಣ್ಣದು. ವೇಳಾಪಟ್ಟಿ ಬದಲಿಸುವುದು, ಹಾಜರಾತಿ ಕೊಡುವುದು, ಅಂಕ ಹೆಚ್ಚಿಸುವುದು ಅವರ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ನಮ್ಮ ಪರವಾಗಿ ಇನ್ನೊಂದು ಬಾಗಿಲು ತಟ್ಟುವ ಅವಕಾಶ. ಆ ಬಾಗಿಲ ಆಚೆ ಕೂತವರ ಮುಂದೆ ಇಡಲು ಅವರಿಗೆ ಏನಾದರೂ ಬೇಕು. ಅದನ್ನು ಒದಗಿಸುವುದು ವಿದ್ಯಾರ್ಥಿಯ ಕೆಲಸ.

ಅಲ್ಲಿಂದ ಮುಂದೆ ಪ್ರತಿ ಮೀಟಿಂಗ್‌ಗೂ ನಾನು ಅಂಥ ಒಂದು ಹಾಳೆ ಒಯ್ಯತೊಡಗಿದೆ. ಒಂದು ಪುಟ ಮೀರುತ್ತಿರಲಿಲ್ಲ. ಯಾವ ವಿಷಯದಲ್ಲಿ ಎಷ್ಟು ಅಂಕ, ಎಷ್ಟು ಹಾಜರಾತಿ, ಎಲ್ಲಿ ಪಾಠ ಹಿಡಿತಕ್ಕೆ ಸಿಗುತ್ತಿಲ್ಲ, ಹಿಂದಿನ ಸಲ ಮೇಡಂ ಹೇಳಿದ್ದರಲ್ಲಿ ಏನು ಮಾಡಿದೆ, ಏನು ಆಗಲಿಲ್ಲ. ಈ ಕೊನೆಯ ಸಾಲಿಗೆ ಅವರು ಬಹಳ ಬೆಲೆ ಕೊಡುತ್ತಿದ್ದರು. ಇಪ್ಪತ್ತು ಜನರಿಗೆ ಸಲಹೆ ಕೊಟ್ಟವರಿಗೆ ಆ ಸಲಹೆ ಏನಾಯಿತು ಎಂದು ಯಾರೂ ಬಂದು ಹೇಳುವುದಿಲ್ಲ. ಹೇಳಿದಾಗ ಅವರ ಮುಖದಲ್ಲಿ ಕಾಣುತ್ತಿದ್ದ ಆಸಕ್ತಿಯೇ ಬೇರೆ. ಡೈರಿಯಲ್ಲಿ ಹಾಳೆಗಳನ್ನು ಒಂದರ ಹಿಂದೆ ಒಂದು ಸೇರಿಸಿ ಇಡುತ್ತಿದ್ದರು. ಇದರಿಂದ ಇನ್ನೊಂದು ಅನುಕೂಲವಾಯಿತು. ಮಾತು ಪ್ರತಿಸಲ ಮೊದಲಿನಿಂದ ಶುರುವಾಗದೆ, ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು.

ಯಾವಾಗ ಹೋಗಬೇಕು ಎಂಬುದನ್ನು ಅರಿಯಲು ಸ್ವಲ್ಪ ಕಾಲ ಹಿಡಿಯಿತು. ಅವರಿಗೆ ಎರಡು ವಿಷಯಗಳ ಪಾಠ, ಲ್ಯಾಬ್, ಪ್ರಾಜೆಕ್ಟ್ ಗುಂಪುಗಳು, ಜೊತೆಗೆ ತಮ್ಮದೇ ಪಿಎಚ್‌ಡಿ ಕೆಲಸ. ಕಾಲೇಜಿನ ಗುಣಮಟ್ಟ ಪರಿಶೀಲಿಸಿ ಮಾನ್ಯತೆ ನೀಡುವ ನ್ಯಾಕ್ ಅಥವಾ ಎನ್‌ಬಿಎ ತಂಡ ಬರುವ ಮುಂಚಿನ ವಾರಗಳಲ್ಲಿ ವಿಭಾಗವೇ ಕಡತಗಳಲ್ಲಿ ಮುಳುಗಿರುತ್ತದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಅವರು ಮೌಲ್ಯಮಾಪನಕ್ಕೆ ಹೋಗುತ್ತಾರೆ. ಪಾಠ ಮುಗಿಸಿ ಹೊರಗೆ ಬರುವಾಗ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದರೆ ಅವರಿಗೆ ಮುಂದಿನ ತರಗತಿಯ ಅವಸರ, ನಮಗೆ ಅರ್ಧ ಉತ್ತರ. ಅವರ ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಸಿದ್ದ ವೇಳಾಪಟ್ಟಿ ನೋಡಿ ಬುಧವಾರ ಮಧ್ಯಾಹ್ನ ಒಂದು ಗಂಟೆ ಬಿಡುವಿದೆ ಎಂದು ತಿಳಿದುಕೊಂಡೆ. ಹಿಂದಿನ ದಿನವೇ ಒಂದು ಇ–ಮೇಲ್ ಹಾಕಿ ಕೇಳುತ್ತಿದ್ದೆ. ಇ–ಮೇಲ್ ಅಭ್ಯಾಸ ಮಾಡಿಸಿದ್ದೂ ಅವರೇ. “ಮಾತು ಕನ್ನಡದಲ್ಲೇ ಆಡೋಣ, ಬರಹ ಮಾತ್ರ ಇಂಗ್ಲಿಷಿನಲ್ಲಿರಲಿ. ನಾಳೆ ಕಂಪನಿಗೆ ಬರೆಯುವಾಗ ಕೈ ನಡುಗಬಾರದು” ಎಂದಿದ್ದರು. ವಿಷಯದ ಸಾಲಿನಲ್ಲಿ ಯುಎಸ್‌ಎನ್ ಮತ್ತು ಕಾರಣ, ಒಳಗೆ ನಾಲ್ಕು ಸಾಲು. ಮೊದಮೊದಲು ನನ್ನ ಇ–ಮೇಲ್‌ಗಳನ್ನು ತಿದ್ದಿ ವಾಪಸು ಕಳುಹಿಸುತ್ತಿದ್ದರು. ರಾತ್ರಿ ಎಂಟರ ಮೇಲೆ ವಾಟ್ಸ್ಆ್ಯಪ್ ಸಂದೇಶ ಬೇಡ, ತುರ್ತಾದರೆ ಫೋನ್ ಮಾಡಿ ಎಂಬುದು ಅವರ ನಿಯಮ. ಅವರಿಗೆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರು. ಆ ಗಡಿಯನ್ನು ನಾನು ಯಾವತ್ತೂ ದಾಟಲಿಲ್ಲ. ಆ ಕಾರಣದಿಂದಲೇ, ನಿಜವಾಗಿ ತುರ್ತು ಬಂದ ದಿನ ಅವರು ಮೊದಲ ರಿಂಗಿಗೇ ಫೋನ್ ಎತ್ತಿದರು.

ಆ ತುರ್ತು ನಾಲ್ಕನೆಯ ಸೆಮಿಸ್ಟರಿನ ಮಳೆಗಾಲದಲ್ಲಿ ಬಂತು. ಟೈಫಾಯ್ಡ್ ಆಗಿ ರಾಣೇಬೆನ್ನೂರಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಎರಡನೆಯ ಐಎ ಹತ್ತಿರದಲ್ಲಿತ್ತು. ಅಪ್ಪನ ಕೈಯಲ್ಲಿ ಅಂದೇ ಮೇಡಂಗೆ ಫೋನ್ ಮಾಡಿಸಿದೆ. ಅವರು ಅಪ್ಪನಿಗೆ ಹೇಳಿದ್ದು ಇಷ್ಟು: ಹುಷಾರಾಗುವವರೆಗೆ ಕಾಲೇಜಿನ ಚಿಂತೆ ಬೇಡ, ಆದರೆ ಆಸ್ಪತ್ರೆಯ ದಾಖಲೆಗಳನ್ನು ದಿನಾಂಕ ಸಮೇತ ಜೋಪಾನವಾಗಿ ಇಟ್ಟುಕೊಳ್ಳಿ. ಎಷ್ಟೋ ವಿದ್ಯಾರ್ಥಿಗಳು ಸೆಮಿಸ್ಟರಿನ ಕೊನೆಯಲ್ಲಿ, ಶಾರ್ಟೇಜ್ ಪಟ್ಟಿ ಬಂದ ಮೇಲೆ, ವೈದ್ಯಕೀಯ ಪ್ರಮಾಣಪತ್ರ ಹಿಡಿದು ಓಡಿಬರುತ್ತಾರೆ. ಆಗ ಅದನ್ನು ನಂಬುವುದು ಎದುರಿಗೆ ಕೂತವರಿಗೆ ಕಷ್ಟ. ಕಾಯಿಲೆ ಬಿದ್ದ ದಿನವೇ ತಿಳಿಸಿದ್ದರಿಂದ ನನ್ನ ಡೈರಿಯಲ್ಲಿ ಆ ದಿನದ ದಿನಾಂಕ ಹಾಕಿ ಅವರು ಬರೆದುಕೊಂಡಿದ್ದರು. ಮುಂದೆ ಕಾಂಡೊನೇಷನ್ (ಹಾಜರಾತಿ ಕೊರತೆಗೆ ವಿನಾಯಿತಿ) ಅರ್ಜಿ ಹಾಕುವಾಗ ಆ ಒಂದು ಸಾಲು ನನ್ನ ಕೈಹಿಡಿಯಿತು.

ವಾಪಸು ಬಂದ ಮೇಲೆ ಅವರು ನನ್ನನ್ನು ಕೂರಿಸಿ ಲೆಕ್ಕ ವಿವರಿಸಿದರು. ವಿಟಿಯು ಕೇಳುವ ಹಾಜರಾತಿ 85 ಪ್ರತಿಶತ. ಅದೂ ಎಲ್ಲ ವಿಷಯ ಸೇರಿಸಿ ಅಲ್ಲ, ಪ್ರತಿಯೊಂದು ವಿಷಯಕ್ಕೂ ಬೇರೆ ಬೇರೆ. ಕಾಯಿಲೆಯಂಥ ಕಾರಣವಿದ್ದು ಪ್ರಾಂಶುಪಾಲರು ಶಿಫಾರಸು ಮಾಡಿದರೆ ಹತ್ತು ಪ್ರತಿಶತದವರೆಗೆ ವಿನಾಯಿತಿ ಸಿಗಬಹುದು. ಅಂದರೆ ಒಂದು ವಿಷಯದಲ್ಲಿ 40 ತರಗತಿ ನಡೆದರೆ 34ಕ್ಕೆ ಹಾಜರಿರಬೇಕು, ವಿನಾಯಿತಿ ದೊರೆತರೂ 30ಕ್ಕೆ ಕಡಿಮೆಯಾಗುವ ಹಾಗಿಲ್ಲ. “ಎಲ್ಲ ಸೇರಿಸಿ ಸರಾಸರಿ ಚೆನ್ನಾಗಿದೆ ಅಂತ ಸುಮ್ಮನಿರಬೇಡ. ಒಂದು ವಿಷಯ ಕೈಕೊಟ್ಟರೂ ಆ ಪರೀಕ್ಷೆಗೆ ಕೂರಲು ಆಗುವುದಿಲ್ಲ” ಎಂದರು. ಪ್ರತಿ ವಿಷಯದ ಎದುರು ಇನ್ನು ಎಷ್ಟು ತರಗತಿ ತಪ್ಪಿಸಿಕೊಳ್ಳಬಹುದು ಎಂದು ನಾವಿಬ್ಬರೂ ಸೇರಿ ಬರೆದೆವು. ಎರಡು ವಿಷಯಗಳ ಎದುರು ಸೊನ್ನೆ ಬಂತು. ಆ ಸೊನ್ನೆಗಳನ್ನು ನೋಡಿದ ಮೇಲೆ ನಾನು ಸೆಮಿಸ್ಟರ್ ಮುಗಿಯುವವರೆಗೆ ಊರಿನ ಜಾತ್ರೆಗೂ ರಜೆ ಹಾಕಲಿಲ್ಲ.

ಭಿನ್ನಾಭಿಪ್ರಾಯವೂ ಆಯಿತು. ಅದನ್ನು ಹೇಳದೆ ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ಮೇಡಂಗೆ ನನ್ನ ಓಡಾಟ ಹಿಡಿಸುತ್ತಿರಲಿಲ್ಲ. ಹಳ್ಳಿಯಿಂದ ರಾಣೇಬೆನ್ನೂರು, ಅಲ್ಲಿಂದ ಹರಿಹರ ದಾಟಿ ದಾವಣಗೆರೆ. ಸಂಜೆ ಅದೇ ದಾರಿ ಹಿಂದಕ್ಕೆ. “ಹಾಸ್ಟೆಲ್ ಸೇರು, ಓದಲು ದಿನಕ್ಕೆ ಮೂರು ಗಂಟೆ ಹೆಚ್ಚು ಸಿಗುತ್ತದೆ” ಎಂದು ಒತ್ತಿ ಹೇಳಿದರು. ಅವರ ಮಾತು ಸರಿಯೇ. ಆದರೆ ಮನೆಯಲ್ಲಿ ಆ ವರ್ಷ ಹಾಸ್ಟೆಲ್ ಶುಲ್ಕ ಹೊಂದಿಸುವ ಸ್ಥಿತಿ ಇರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಬಸ್ಸಿನ ಖರ್ಚೂ ಇಲ್ಲವಾಗಿತ್ತು. ಇದನ್ನು ಹೇಗೆ ಹೇಳುವುದು? ನಮ್ಮ ಕಡೆ ಗುರುಗಳಿಗೆ ಎದುರು ಮಾತನಾಡುವುದು ಅಭ್ಯಾಸವಿಲ್ಲ. “ಆಯಿತು ಮೇಡಂ” ಎಂದು ತಲೆಯಾಡಿಸಿ ಬಂದು, ಹೇಳಿದ್ದನ್ನು ಮಾಡದೆ, ಆಮೇಲೆ ಅವರಿಂದ ತಪ್ಪಿಸಿಕೊಂಡು ಓಡಾಡುವುದು ನಾನು ಸುತ್ತಲೂ ನೋಡಿದ ದಾರಿ. ಅಲ್ಲಿಗೆ ಒಡನಾಟ ಮುಗಿದ ಹಾಗೆಯೇ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಮೇಡಂ, ನೀವು ಹೇಳುವುದು ನನ್ನ ಒಳ್ಳೆಯದಕ್ಕೇ. ಈ ವರ್ಷ ಮನೆಯಲ್ಲಿ ಆಗುವುದಿಲ್ಲ. ಓಡಾಡಿಕೊಂಡೇ ಓದಲು ಏನು ಮಾಡಬಹುದು ಎಂದು ಯೋಚಿಸಿದ್ದೇನೆ, ನೋಡುತ್ತೀರಾ?” ನನಗೆ ತೊಡಕಾಗುತ್ತಿದ್ದದ್ದು ಬೆಳಗಿನ ಮೊದಲ ಅವಧಿಯ ಲ್ಯಾಬ್. ಅದೇ ಲ್ಯಾಬ್ ಇನ್ನೊಂದು ಬ್ಯಾಚ್‌ಗೆ ಮಧ್ಯಾಹ್ನ ಇತ್ತು. ಆ ಬ್ಯಾಚಿನ ಒಬ್ಬ ಹುಡುಗಿ ಬೆಳಗಿನದ್ದಕ್ಕೆ ಬರಲು ಒಪ್ಪಿದ್ದಳು. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ನನ್ನ ಕೈಯಲ್ಲಿಲ್ಲ, ಲ್ಯಾಬ್ ನೋಡಿಕೊಳ್ಳುವ ಸರ್ ಒಪ್ಪಬೇಕು. ಇಬ್ಬರೂ ಸಹಿ ಮಾಡಿದ ಪತ್ರ ಕೊಡಿ, ನಾನು ಮಾತನಾಡುತ್ತೇನೆ” ಎಂದರು. ಸರ್ ಒಪ್ಪಿದರು. ಹಾಸ್ಟೆಲ್ ವಿಷಯವನ್ನು ಮೇಡಂ ಕೈಬಿಡಲಿಲ್ಲ. ಮುಂದಿನ ವರ್ಷ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ತೆರೆದ ವಾರವೇ ಅರ್ಜಿ ಹಾಕಿಸಿದರು. ಸರ್ಕಾರದ ಬಾಲಕಿಯರ ಹಾಸ್ಟೆಲ್‌ಗೂ ಅರ್ಜಿ ತುಂಬಿಸಿದರು. ಏಳನೆಯ ಸೆಮಿಸ್ಟರಿಗೆ ನನಗೆ ಅಲ್ಲಿ ಜಾಗ ಸಿಕ್ಕಿತು.

ಅಪ್ಪನನ್ನು ಕಾಲೇಜಿಗೆ ಕರೆಸಿದ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪೋಷಕರ ಸಭೆ ಎಂದರೆ ನಮ್ಮಂಥ ಮನೆಗಳಲ್ಲಿ ಭಯ. ಮೂರನೆಯ ಸೆಮಿಸ್ಟರಿನಲ್ಲಿ ಗಣಿತದ ಮೊದಲ ಐಎಯಲ್ಲಿ ನನಗೆ 20ಕ್ಕೆ 6 ಬಂದಿತ್ತು. ಪೋಷಕರ ಸಭೆ ಮುಂದಿನ ಸೋಮವಾರ. ಮೇಡಂ ಹತ್ತಿರ ಹೋಗಿ ಕೇಳಿದೆ: “ಅಪ್ಪನಿಗೆ ಇದನ್ನು ನಾನೇ ಮೊದಲು ಹೇಳುತ್ತೇನೆ. ನಿಮ್ಮ ಬಾಯಿಂದ ಮೊದಲ ಸಲ ಕೇಳುವುದು ಬೇಡ.” ಅವರು ಒಪ್ಪಿದರು, ಆದರೆ ಷರತ್ತು ಹಾಕಿದರು. “ಶನಿವಾರದೊಳಗೆ ಹೇಳು. ಸೋಮವಾರ ಅವರು ಕೇಳಿದರೆ ನಾನು ಮುಚ್ಚಿಡುವುದಿಲ್ಲ.” ನಾನು ಶುಕ್ರವಾರ ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ. ಅಪ್ಪ ಏನೂ ಬೈಯಲಿಲ್ಲ. “ಫೇಲ್ ಆದರೆ ಓದು ಬಿಡಿಸುತ್ತಾರೇನು?” ಎಂದು ಅವ್ವ ಕೇಳಿದಳು.

ಸೋಮವಾರ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದು, ಸ್ಟಾಫ್ ರೂಮಿನ ಬಾಗಿಲಲ್ಲೇ ಕೈಮುಗಿದು ನಿಂತರು. ಮೇಡಂ ಎದ್ದು ಬಂದು ಒಳಗೆ ಕರೆದು ಕೂರಿಸಿದರು. ಊರು, ಹೊಲ, ಗೋವಿನಜೋಳದ ಬೆಳೆ ವಿಚಾರಿಸಿದರು. ನಂತರ ನನ್ನ ಹಾಳೆಗಳನ್ನು ತೆರೆದು ಅಪ್ಪನ ಮುಂದೆ ಇಟ್ಟು, ಪ್ರತಿ ವಿಷಯವನ್ನೂ ಕನ್ನಡದಲ್ಲಿ ಹೇಳಿದರು. ಗಣಿತದ ಹತ್ತಿರ ಬಂದಾಗ, “ಇದು ಇವಳಿಗೆ ಹೊಸದು. ಒಂದು ವರ್ಷದ ಪಾಠ ಬಿಟ್ಟುಹೋಗಿದೆ, ಅದನ್ನು ತುಂಬಿಕೊಳ್ಳಬೇಕು. ಮನೆಯಲ್ಲಿ ಸಂಜೆ ಎರಡು ಗಂಟೆ ಇವಳಿಗೆ ಕೆಲಸ ಹೇಳಬೇಡಿ, ಅಷ್ಟು ಸಾಕು” ಎಂದರು. ಅಪ್ಪ “ಆಗಲಿ ಮೇಡಂ ಅವರೇ” ಎಂದರು. ಅಂದಿನಿಂದ ಸಂಜೆ ಹಿಂಡಿ ಕಲಸುವ ಕೆಲಸ ತಮ್ಮನ ಪಾಲಾಯಿತು. ನಾನು ಎಷ್ಟು ಸಲ ಕೇಳಿದ್ದರೂ ಮನೆಯಲ್ಲಿ ಸಿಗದಿದ್ದ ಎರಡು ಗಂಟೆಯನ್ನು ಅವರು ಒಂದು ಮಾತಿನಲ್ಲಿ ಕೊಡಿಸಿದರು. ಪ್ರಾಕ್ಟರ್‌ಗೆ ಮನೆಯ ಪರಿಸ್ಥಿತಿ ತಿಳಿಸಬಾರದು, ಮರ್ಯಾದೆ ಹೋಗುತ್ತದೆ ಎನ್ನುವವರಿಗೆ ನಾನು ಈ ಪ್ರಸಂಗವನ್ನೇ ಹೇಳುವುದು.

ಇದಾದ ಮೇಲೆ ಒಂದು ಸಲ ಅಪ್ಪ ಬ್ಯಾಡಗಿ ಮೆಣಸಿನಕಾಯಿಯ ಒಂದು ಚೀಲ ಹೊತ್ತುಕೊಂಡು ಬಂದರು. ಮೇಡಂ ಚೀಲ ಬಿಚ್ಚಿ ನೋಡಿ, “ಡಬ್ಬಿಯೋ ಕಡ್ಡಿಯೋ?” ಎಂದು ಕೇಳಿದರು. ಅವು ಬ್ಯಾಡಗಿಯ ಎರಡು ಬಗೆಗಳು. ಡಬ್ಬಿ ಎಂದಾಗ ಒಂದು ಕಿಲೋ ತೂಗಿಸಿಕೊಂಡು, ಅಂದಿನ ಮಾರುಕಟ್ಟೆ ದರ ಕೇಳಿ, ಅಪ್ಪ ಎಷ್ಟು ಬೇಡವೆಂದರೂ ಬಿಡದೆ ಹಣ ಕೊಟ್ಟರು. ಉಳಿದದ್ದನ್ನು ಸ್ಟಾಫ್ ರೂಮಿನ ಇತರರು ಅದೇ ದರಕ್ಕೆ ಕೊಂಡರು. ಅಪ್ಪನಿಗೆ ಸ್ವಲ್ಪ ಮುಜುಗರವಾಯಿತು, ಆದರೆ ಅಂದಿನಿಂದ ಅವರ ಮೇಲಿನ ಗೌರವ ಇಮ್ಮಡಿಯಾಯಿತು. ನನಗೂ ಹಾಗೆಯೇ. ಅವರು ನನಗಾಗಿ ಮಾಡುವುದನ್ನು ಯಾವ ಋಣದ ಲೆಕ್ಕಕ್ಕೂ ಸೇರಿಸದೆ ಮಾಡುತ್ತಿದ್ದಾರೆ ಎಂದು ತಿಳಿದ ಮೇಲೆ ಕೇಳಲು ಸಂಕೋಚವಾಗುತ್ತಿರಲಿಲ್ಲ.

ಡಿಪ್ಲೊಮಾದಿಂದ ಬರುವವರು ಅಡಿಷನಲ್ ಮ್ಯಾಥಮ್ಯಾಟಿಕ್ಸ್ ವಿಷಯವನ್ನು ಮರೆಯಬಾರದು. ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರಿನಲ್ಲಿ ಅದು ನಮಗೆಂದೇ ಇರುವ ವಿಷಯ. ಕ್ರೆಡಿಟ್ ಇಲ್ಲ. ಎಸ್‌ಜಿಪಿಎ, ಸಿಜಿಪಿಎ ಎಂಬ ಸರಾಸರಿ ಶ್ರೇಣಿಯ ಲೆಕ್ಕಕ್ಕೆ ಬರುವುದಿಲ್ಲ. ಉಳಿದುಕೊಂಡರೂ ಮುಂದಿನ ವರ್ಷಕ್ಕೆ ಹೋಗುವುದನ್ನು ತಡೆಯುವುದಿಲ್ಲ. ಅದಕ್ಕೇ ಹುಡುಗರು ಅದನ್ನು ಕಡೆಗಣಿಸುತ್ತಾರೆ. ಆದರೆ ಅದು ಮುಗಿಯದೆ ಪದವಿ ಕೈಗೆ ಬರುವುದಿಲ್ಲ. ಮೇಡಂ ನನ್ನ ಡೈರಿಯ ಮೊದಲ ಪುಟದಲ್ಲೇ ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. ಹಾಗೆಯೇ ತರಗತಿಯ ಹೊರಗೆ ಸಮಾಜಕ್ಕಾಗಿ ಮಾಡುವ ಕೆಲಸಕ್ಕೆ ಸಿಗುವ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಚಟುವಟಿಕೆ ಅಂಕಗಳು: ಮೊದಲ ವರ್ಷದಿಂದ ಓದುವವರಿಗೆ 100, ನಮಗೆ 75. ಕೊನೆಯ ಸೆಮಿಸ್ಟರಿನಲ್ಲಿ ಫೋಟೊ, ವರದಿ ಹೊಂದಿಸಲು ಪರದಾಡುವವರನ್ನು ಅವರು ಪ್ರತಿವರ್ಷ ಕಂಡಿದ್ದರು. “ನಿಮ್ಮ ಊರಿನ ಶಾಲೆಯಲ್ಲೇ ಮಾಡು, ಬೇಸಿಗೆ ರಜೆಯಲ್ಲಿ” ಎಂದರು. ನಾನು ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಮತ್ತು ವಿಜ್ಞಾನ ಹೇಳಿಕೊಟ್ಟೆ. ಮುಖ್ಯೋಪಾಧ್ಯಾಯರ ಪತ್ರವನ್ನು ಅಂದಂದೇ ತೆಗೆದುಕೊಂಡು ಡೈರಿಗೆ ಸೇರಿಸಿದೆ.

ಐದನೆಯ ಸೆಮಿಸ್ಟರಿನ ಒಂದು ವಿಷಯದಲ್ಲಿ ಫೇಲಾದೆ. ಮುಖ್ಯ ಪರೀಕ್ಷೆ 100 ಅಂಕಕ್ಕೆ, ಅದನ್ನು 50ಕ್ಕೆ ಇಳಿಸುತ್ತಾರೆ. ಪಾಸಾಗಲು 35 ಪ್ರತಿಶತ ಬೇಕು. ನನಗೆ ಬಂದದ್ದು 28. ಗೆಳತಿಯರೆಲ್ಲ ಮರುಮೌಲ್ಯಮಾಪನಕ್ಕೆ ಹಾಕು ಎಂದರು. ಮೇಡಂ ಮೊದಲು ಉತ್ತರಪತ್ರಿಕೆಯ ಪ್ರತಿ ತರಿಸಿಕೊ ಎಂದರು. ಪ್ರತಿ ಬಂದ ಮೇಲೆ ಆ ವಿಷಯದ ಸರ್ ಮುಂದೆ ಕೂರಿಸಿ ಒಂದೊಂದೇ ಪ್ರಶ್ನೆ ನೋಡಿಸಿದರು. ಪಠ್ಯದಲ್ಲಿ ಐದು ಮಾಡ್ಯೂಲ್‌ಗಳು (ಭಾಗಗಳು), ಪ್ರತಿಯೊಂದಕ್ಕೂ 20 ಅಂಕ. ಮೂರನೆಯ ಮತ್ತು ನಾಲ್ಕನೆಯ ಮಾಡ್ಯೂಲ್‌ಗಳಲ್ಲಿ ನನ್ನ ಉತ್ತರಗಳು ಅರ್ಧಕ್ಕೇ ನಿಂತಿದ್ದವು. ಎಷ್ಟು ಉದಾರವಾಗಿ ನೋಡಿದರೂ ಎರಡು ಮೂರು ಅಂಕಕ್ಕಿಂತ ಹೆಚ್ಚು ಬರುವ ಹಾಗಿರಲಿಲ್ಲ. “ಈ ದುಡ್ಡು ಉಳಿಸು, ಆ ಎರಡು ಮಾಡ್ಯೂಲ್‌ಗಳನ್ನು ಮತ್ತೆ ಓದು” ಎಂದರು. ಕೇಳಲು ಕಹಿ. ಆದರೆ ಮರುಮೌಲ್ಯಮಾಪನದ ಫಲಿತಾಂಶಕ್ಕಾಗಿ ಕಾಯುತ್ತ ಕಳೆಯಬಹುದಾಗಿದ್ದ ವಾರಗಳಲ್ಲಿ ನಾನು ಓದಿದೆ, ಮುಂದಿನ ಸಲ ಪಾಸಾದೆ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರಬಾರದು ಎಂದು ಕೇಳುತ್ತವೆ. ಅವು ಬರುವ ಹೊತ್ತಿಗೆ ನನ್ನದು ತೀರಿತ್ತು.

ಎಲ್ಲರಿಗೂ ಇಂಥ ಪ್ರಾಕ್ಟರ್ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಬೇರೆ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಪಾಲಿಟೆಕ್ನಿಕ್ ಗೆಳತಿಯ ಪ್ರಾಕ್ಟರ್ ಡೈರಿಗಳನ್ನು ಕ್ಲಾಸ್ ರೆಪ್ರೆಸೆಂಟೇಟಿವ್ ಕೈಯಲ್ಲಿ ಕೊಟ್ಟು ಸಹಿ ಹಾಕಿಸಿ ತರಿಸುತ್ತಿದ್ದರಂತೆ. ಅವಳು ಎರಡು ಸಲ ಹಾಳೆ ಹಿಡಿದು ಹೋದಳು. ಕಣ್ಣೆತ್ತಿ ನೋಡಲಿಲ್ಲ. ಕೊನೆಗೆ ಅವಳು ಲ್ಯಾಬ್ ಪಾಠ ಮಾಡುತ್ತಿದ್ದ ಮೇಡಂ ಒಬ್ಬರ ಬಳಿ ಹೋಗಿ, ತಿಂಗಳಿಗೊಮ್ಮೆ ಹತ್ತು ನಿಮಿಷ ಕೊಡುತ್ತೀರಾ ಎಂದು ಕೇಳಿಕೊಂಡಳು. ಅವರು ಕೊಟ್ಟರು. ಸಹಿಗೆ ಒಬ್ಬರು, ಸಲಹೆಗೆ ಇನ್ನೊಬ್ಬರು. ಅವಳ ಪದವಿಯೂ ಮುಗಿಯಿತು. ಆದರೂ ನನಗೆ ಅದು ನ್ಯಾಯವೆಂದು ತೋರುವುದಿಲ್ಲ. ಇಪ್ಪತ್ತು ಮಕ್ಕಳ ಹೊಣೆ ವಹಿಸಿಕೊಂಡ ಮೇಲೆ ಕನಿಷ್ಠ ಮುಖ ನೋಡಿ ಮಾತನಾಡಬೇಕು. ಕಾಲೇಜುಗಳೂ ಅಧ್ಯಾಪಕರಿಗೆ ಆ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ನಿಜವಾದ ಸಮಯ ಕೊಡಬೇಕು. ನಮ್ಮ ಮೇಡಂ ನನಗೆ ಕೊಡುತ್ತಿದ್ದ ಬುಧವಾರದ ಗಂಟೆ ಅವರ ಸ್ವಂತ ಬಿಡುವಿನದ್ದು.

ಏಳನೆಯ ಸೆಮಿಸ್ಟರಿನಲ್ಲಿ ಅವರು ಪಿಎಚ್‌ಡಿ ಮುಗಿಸಲು ರಜೆಯ ಮೇಲೆ ಹೋದರು. ಹೋಗುವ ಮುಂಚೆ ನಾನು ಕೇಳಿಕೊಂಡಿದ್ದರಿಂದ ಹೊಸ ಪ್ರಾಕ್ಟರ್ ಸರ್ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ ಪರಿಚಯಿಸಿದರು, ಡೈರಿಯನ್ನು ಅವರ ಮುಂದೆಯೇ ತೆರೆದು ತೋರಿಸಿದರು. ಸರ್ ಮಿತಭಾಷಿ. ಕೂರಿಸಿ ಮಾತನಾಡುವವರಲ್ಲ, ನಿಂತುಕೊಂಡೇ ಎರಡು ಮಾತಿನಲ್ಲಿ ಮುಗಿಸುವವರು. ಅವರ ಜೊತೆ ಕೆಲಸ ಮಾಡುವ ರೀತಿ ಬೇರೆಯೇ ಆಗಬೇಕಾಯಿತು: ಒಂದು ಪುಟದ ಬದಲು ಮೂರು ಸಾಲು, ಒಂದು ಪ್ರಶ್ನೆ. ಅಂಥ ಪ್ರಶ್ನೆಗೆ ಅವರು ಅದೇ ದಿನ ಉತ್ತರಿಸುತ್ತಿದ್ದರು.

ಕ್ಯಾಂಪಸ್ ಸಂದರ್ಶನ ಮುಗಿದ ಮೇಲೆ ಎಂ.ಟೆಕ್ ಕೂಡ ಮನಸ್ಸಿನಲ್ಲಿತ್ತು. ಒಂದು ಸಂಸ್ಥೆ ಶಿಫಾರಸು ಪತ್ರ ಕೇಳಿತ್ತು. ಕೊನೆಯ ದಿನಾಂಕಕ್ಕೆ ಮೂರು ವಾರ ಮೊದಲೇ ಮೇಡಂಗೆ ಬರೆದೆ. ಅಂಕಪಟ್ಟಿ, ಪ್ರಾಜೆಕ್ಟ್‌ನ ಸಾರಾಂಶ, ನಾನು ಏಕೆ ಅರ್ಜಿ ಹಾಕುತ್ತಿದ್ದೇನೆ ಎಂಬ ಅರ್ಧ ಪುಟ ಜೊತೆಗಿತ್ತು. ಪತ್ರವನ್ನು ನೀನೇ ಬರೆದು ತಾ, ಸಹಿ ಹಾಕುತ್ತೇನೆ ಎನ್ನುವವರು ಹೆಚ್ಚು. ಅವರು ಹಾಗೆನ್ನಲಿಲ್ಲ. ಹಳೆಯ ಡೈರಿಯನ್ನು ಸರ್ ಹತ್ತಿರದಿಂದ ತರಿಸಿಕೊಂಡು, ನನ್ನ ಹಾಳೆಗಳನ್ನು ಓದಿ ತಾವೇ ಬರೆದು ನೇರವಾಗಿ ಸಂಸ್ಥೆಗೆ ಕಳುಹಿಸಿದರು. ಅದರಲ್ಲಿ ಏನಿತ್ತೆಂದು ನಾನು ಕೇಳಿಲ್ಲ.

ಕೊನೆಗೆ ಬೆಂಗಳೂರಿನ ಒಂದು ಕಂಪನಿಯ ಕೆಲಸವನ್ನೇ ಆರಿಸಿಕೊಂಡೆ. ತಮ್ಮನ ಓದಿಗೆ ಹಣ ಬೇಕಿತ್ತು. ಪತ್ರಕ್ಕೆ ಅಷ್ಟು ಶ್ರಮ ಪಟ್ಟವರಿಗೆ ಇದನ್ನು ತಿಳಿಸುವಾಗ ಬೇಸರ ಮಾಡಿಕೊಳ್ಳುತ್ತಾರೇನೋ ಎಂದು ಅಳುಕಿತ್ತು. ಫೋನ್ ಮಾಡಿದೆ. ಸಂಬಳ, ಉಳಿಯುವ ಜಾಗ, ಕಚೇರಿಗೆ ಎಷ್ಟು ದೂರ ಎಲ್ಲವನ್ನೂ ವಿಚಾರಿಸಿದರು. ಎರಡು ವರ್ಷ ಕೆಲಸ ಮಾಡಿ ಆಮೇಲೂ ಎಂ.ಟೆಕ್ ಪ್ರವೇಶಕ್ಕೆ ಗೇಟ್ ಪರೀಕ್ಷೆ ಬರೆಯಬಹುದು ಎಂದರು. “ಆಫರ್ ಲೆಟರ್‌ನ ಒಂದು ಪ್ರತಿಯನ್ನು ವಿಭಾಗಕ್ಕೆ ಕಳುಹಿಸು, ಎನ್‌ಬಿಎ ಕಡತಕ್ಕೆ ಬೇಕಾಗುತ್ತದೆ. ಹೊಸ ಫೋನ್ ಸಂಖ್ಯೆಯನ್ನೂ ಬರೆ” ಎಂದು ಸೇರಿಸಿದರು. ಅದೇ ಸಂಜೆ ಕಳುಹಿಸಿದೆ, ವಿಷಯದ ಸಾಲಿನಲ್ಲಿ ಯುಎಸ್‌ಎನ್ ಹಾಕಿ.